ಎರವು ತಂದ ಪರದೆ

ಪರದೆಯ ಸುರುಳಿಯ ಒಂದು ತುದಿ ಕೆಂಚವ್ವನ ಕೈಯಲ್ಲಿತ್ತು, ಇನ್ನೊಂದು ತುದಿ ಸೊಸೆ ಮೀನಾಳ ಕೈಯಲ್ಲಿ. ನಡುವೆ ಬಚ್ಚಲುಮನೆಯ ಹೊಸ್ತಿಲು. ಒಳಗೆ ನೀರೊಲೆ ಉರಿಯುತ್ತಿತ್ತು.

“ಬಿಡು ಅಂದ್ರ ಬಿಡು,” ಎಂದಳು ಕೆಂಚವ್ವ. “ಇದು ಬೂದಿ ಆಗೂತನಕ ನಾ ಮೈಗೆ ನೀರ ಹಾಕ್ಕೊಳ್ಳೂದಿಲ್ಲ.”

“ಇದು ನಮ್ಮದಲ್ಲ ಅತ್ತಿ.”

“ನನ್ನ ಮಗಾ ನಮ್ಮವ ಇದ್ದನಲ್ಲ? ಅವನ್ನ ತಗೊಂಡು ಹೋತಲ್ಲ ಇದು?”

ಮೀನಾ ಬಿಡಲಿಲ್ಲ. ಎಳೆಯಲೂ ಇಲ್ಲ. ಸುಮ್ಮನೆ ಹಿಡಿದುಕೊಂಡು ನಿಂತಳು. ಸುರುಳಿ ಆಳೆತ್ತರಕ್ಕಿಂತ ಉದ್ದವಿತ್ತು, ತೆಂಗಿನ ನಾರಿನ ಹಗ್ಗದಿಂದ ಬಿಗಿದಿತ್ತು. ಹಗ್ಗ ಕಟ್ಟಿದವನು ಅವಳ ಗಂಡ ವಿರೂಪಾಕ್ಷನಲ್ಲ, ಮಣ್ಣಿಗೆ ಬಂದವರಲ್ಲಿ ಯಾರೋ ಅವಸರದಲ್ಲಿ ಕಟ್ಟಿದ್ದರು. ಅವನಾಗಿದ್ದರೆ ಅಷ್ಟು ಬಿಗಿಯುತ್ತಿರಲಿಲ್ಲ. ಬಣ್ಣಕ್ಕೂ ಉಸಿರಾಡಲು ಜಾಗ ಬೇಕು ಎನ್ನುತ್ತಿದ್ದ.

ಹಾಲು ತುಪ್ಪದ ಶಾಸ್ತ್ರ ಮುಗಿಸಿಕೊಂಡು ಕಡೆಯ ನೆಂಟರು ಹಿಂದಿನ ಸಂಜೆಯ ಬಸ್ಸಿಗೆ ಹೋಗಿದ್ದರು. ಮನೆಯಲ್ಲಿ ಹೊರಗಿನವರಿಲ್ಲದ ಮೊದಲ ಬೆಳಗು ಇದು. ನಳಕ್ಕೆ ನೀರು ಬಂದಿತ್ತು. ಹಿಂದಿನ ಓಣಿಯಲ್ಲಿ ಮಗ್ಗಗಳು ಎಂದಿನಂತೆ ಸದ್ದು ಮಾಡುತ್ತಿದ್ದವು. ಇಷ್ಟು ದಿನ ಟಿ.ವಿ.ಯ ದನಿ ತಗ್ಗಿಸಿದ್ದ ಪಕ್ಕದ ಮನೆಯವರು ಅದನ್ನು ಮತ್ತೆ ಏರಿಸಿದ್ದರು.

ಹಲ್ಲುಜ್ಜುತ್ತ ಹಿತ್ತಲಿಗೆ ಬಂದ ಮಡಿವಾಳೆಪ್ಪ ಇಬ್ಬರನ್ನೂ ನೋಡಿ ಬಾಯಲ್ಲಿದ್ದುದನ್ನು ಉಗುಳಿದ. ಅವನು ವಿರೂಪಾಕ್ಷನ ಅಣ್ಣ, ಪಕ್ಕದ ಓಣಿಯಲ್ಲಿ ಮನೆ. ತಮ್ಮ ಸತ್ತಂದಿನಿಂದ ಇಲ್ಲೇ ಮಲಗುತ್ತಿದ್ದ.

“ಏನವ್ವಾ ಇದು, ಮುಂಜಾನೆದ್ದು?”

“ನಿನ್ನ ತಮ್ಮ ತನ್ನ ಹೆಣಾ ತಾನ ಬರಕೊಂಡಾನ. ಊರ ಮಂದೆಲ್ಲಾ ಅಂತಾರ. ನಾ ಹೇಳಿದ್ದಲ್ಲ.”

“ಭಾವಾರ, ಇದು ಸಿರಸಂಗಿಯವರ ನಾಟಕದ ಪಡದೆ,” ಎಂದಳು ಮೀನಾ. “ಆಟಕ್ಕ ಮೊದಲ ಕೊಡತೇನಂತ ಎರವು ತಂದಿದ್ರು.”

ಮಡಿವಾಳೆಪ್ಪ ಮುಖ ತೊಳೆದುಕೊಂಡ. ಅವನು ಸಿಟ್ಟಿನ ಮನುಷ್ಯನಲ್ಲ. “ಹಿಂಗ ಮಾಡೂಣು,” ಎಂದ. “ಹೊಸಾ ಅರಿವಿ ತಗೊಂಡು, ಯಾರ ಕಡಿಂದರ ಅಂಥಾದ ಒಂದು ಬರಿಸಿ, ಅವರಿಗೆ ಕೊಟ್ಟರಾತು. ಇದನ್ನ ಅವ್ವ ಸುಡ್ಲಿ. ಅಕಿ ಮನಸಿಗೂ ಸಮಾಧಾನ.”

“ಅವರು ಕೊಟ್ಟಿದ್ದು ಇದು. ಇದನ್ನ ಕೊಡಬೇಕು.”

“ಹಂಗಾದ್ರ ನಾಳೆ ಬಸ್ಸಿಗೆ ಹಾಕಿ ಕಳಸೂಣಲ್ಲ.”

“ಇವತ್ತ ನಾನ ಒಯ್ಯತೇನಿ.”

ಕೆಂಚವ್ವ ತನ್ನ ತುದಿಯನ್ನು ಬಿಟ್ಟುಬಿಟ್ಟಳು. ಸುರುಳಿ ನೆಲಕ್ಕೆ ಬಿತ್ತು. “ಒಯ್ಯಿ. ಮಣ್ಣಾದ ಮನಿ ಹೆಣ್ಣಮಗಳು ಬಸ್ ಹತ್ತಿ ನಾಟಕದವರ ಮನಿಗೆ ಹೋದಳಂತ ಅದನ್ನೂ ಅನ್ಲಿ ಮಂದಿ. ಸಂಜಿತನಕ ನೋಡತೇನಿ. ಸಂಜಿಗೆ ಇದು ಮನ್ಯಾಗಿದ್ರ ಒಲಿಗೆ.”

ಮೀನಾ ಬಾಗಿ ಸುರುಳಿಯ ಮಣ್ಣು ಝಾಡಿಸಿದಳು. ಗಂಡನ ಕೈ ಕಡೆಯದಾಗಿ ಆಡಿದ್ದು ಇದರ ಮೇಲೆ. ಇಟ್ಟುಕೊಂಡರೆ ಒಲೆ. ಕೊಟ್ಟರೆ ಇನ್ನೊಬ್ಬ ಪೇಂಟರನ ಬ್ರಷ್ಷು. ಸಿರಸಂಗಿಯವರು ಇದನ್ನು ಇದ್ದ ಹಾಗೆ ಬಿಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

*

ಪರದೆ ತಿದ್ದಿಕೊಡೆಂದು ಯಾರೂ ಅವನನ್ನು ಕೇಳಿರಲಿಲ್ಲ. ಸಹೋದ್ಯೋಗಿಯೊಬ್ಬರ ಮನೆಯ ವಾಸ್ತುಶಾಂತಿಗೆಂದು ಸಿರಸಂಗಿಗೆ ಹೋದ ವಿರೂಪಾಕ್ಷ ಊರಿನ ಗರಡಿಮನೆಯಲ್ಲಿ ಈ ಪರದೆಯನ್ನು ಕಂಡು, ಕಾಡಿ ಬೇಡಿ ಹೊತ್ತು ತಂದಿದ್ದ. ಅವನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ರಾಮದುರ್ಗದ ಅರ್ಧ ಅಂಗಡಿಗಳ ಬೋರ್ಡು ಅವನವೇ. ಮೀನಾಳನ್ನು ಮದುವೆಯಾಗಿ ಎರಡನೆಯ ವರ್ಷ ಅದು.

ಪಡಸಾಲೆಯ ನೆಲದ ತುಂಬ ಅದನ್ನು ಹಾಸಿ, ಸುತ್ತ ಬರಿಗಾಲಲ್ಲಿ ನಡೆದಾಡಿದ.

“ಬಾ ಇಲ್ಲೆ. ನೋಡು,” ಎಂದು ಕರೆದ.

ಕಂಪನಿ ನಾಟಕಗಳ ಕಾಲದ ಪರದೆ. ಸಿರಸಂಗಿಯ ಹಿರಿಯರು ತಮ್ಮ ಆಟಕ್ಕೆಂದು ಎಲ್ಲಿಂದಲೋ ಪೇಂಟರನನ್ನು ಕರೆಸಿ, ತಿಂಗಳುಗಟ್ಟಲೆ ಊಟ ಹಾಕಿ ಬರೆಸಿದ್ದಂತೆ. ಆಟದ ಕತೆ ಸುತ್ತಲಿನ ಊರಿಗೆಲ್ಲ ಗೊತ್ತು. ದೇಸಾಯಿಯೊಬ್ಬ ಚಾಡಿ ಮಾತು ನಂಬಿ ತನ್ನ ತಮ್ಮನನ್ನೇ ಕೊಲ್ಲಿಸುತ್ತಾನೆ. ಕಡೆಯ ದೃಶ್ಯದಲ್ಲಿ ತಮ್ಮನ ಹೆಂಡತಿ ಕೋಟೆಯ ಬಾಗಿಲಿಗೆ ಬಂದು ಹೆಣದ ಮುಂದೆ ನಿಲ್ಲುತ್ತಾಳೆ. ಪರದೆಯ ಮೇಲಿದ್ದುದು ಅದೇ. ಆಟ ಶುರುವಾಗುವ ಮೊದಲು ಮಂದಿ ಬಂದು ಕೂರುತ್ತಿದ್ದುದು ಈ ಪರದೆಯ ಮುಂದೆ. ಏನಾಗಲಿದೆ ಎಂಬುದನ್ನು ನೋಡಿಕೊಂಡೇ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ಎಡಕ್ಕೆ ದೇಸಾಯಿ, ಕೈಯಲ್ಲಿ ಕೆಳಗಿಳಿಸಿದ ಕತ್ತಿ. ಹಿಂದೆ ದೀಪ ಹಿಡಿದ ದಾಸಿ. ಬಲಕ್ಕೆ ಹೆಂಡತಿ. ನಡುವೆ ಏನೂ ಇಲ್ಲ. ವರ್ಷಗಟ್ಟಲೆ ಮಡಿಚಿ ಇಟ್ಟಿದ್ದರಿಂದ ಬಣ್ಣ ಉದುರಿ ಬರೀ ನೂಲು ಕಾಣುತ್ತಿತ್ತು.

“ಹೆಣಾ ಎದ್ದು ಹೋಗೇತಿ,” ಎಂದ ವಿರೂಪಾಕ್ಷ.

“ಅಕಿ ಮಾರಿ ಎಲ್ಲಿ?”

“ಯಾವನೋ ಹುಡುಗ ಮೀಸಿ ಬರದಿದ್ದನಂತ. ಅದನ್ನ ಒರಸಾಕ ಹೋಗಿ ಮಾರಿನೂ ಒರಸ್ಯಾರ.”

ಇಬ್ಬರೂ ನಕ್ಕರು. ಅವನು ನಗುವಾಗ ಕನ್ನಡಕ ತೆಗೆಯುತ್ತಿದ್ದ.

ಆಮೇಲೆ ಅದನ್ನು ಪಡಸಾಲೆಯ ಉದ್ದ ಗೋಡೆಗೆ ತೂಗುಹಾಕಿದ. ಸಾಲೆಯಿಂದ ಬಂದವನೇ ಅದರ ಮುಂದೆ ಕೂರುತ್ತಿದ್ದ. ಅವಳು ಚಹಾ ತಂದಿಟ್ಟರೆ ಕೆನೆಗಟ್ಟಿದ ಮೇಲೆ ಕುಡಿಯುತ್ತಿದ್ದ. ಧಾರವಾಡದಲ್ಲಿ ಎಂ.ಎ. ಓದುವಾಗ ಅವಳಿಗೆ ಹಾಸ್ಟೆಲಿನ ತುಂಬ ಮಾತು ಕೇಳಿ ರೂಢಿಯಾಗಿತ್ತು. ಇಲ್ಲಿ ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸುವ ಸದ್ದು ಮಾತ್ರ. ಕೆಲವು ಸಲ ಬೇಜಾರಾಗುತ್ತಿತ್ತು. ಆಮೇಲೆ ಆ ಸದ್ದು ನಿಂತರೆ ತಲೆಯೆತ್ತಿ ನೋಡುವಂತಾಯಿತು.

ಹೆಣವನ್ನು ಅವನು ಕುಳ್ಳಿರಿಸಿ ಬರೆದ. ಕೋಟೆಯ ಕಂಬಕ್ಕೆ ಬೆನ್ನು ಕೊಟ್ಟು, ಕಾಲು ಮಡಿಚಿ, ತೊಡೆಯ ಮೇಲೆ ಕೈ. ಹಣೆಯ ಮೇಲೆ ವಿಭೂತಿ. ತಲೆ ವಾಲದಂತೆ ಗಲ್ಲದಿಂದ ನೆತ್ತಿಗೆ ಕಟ್ಟಿದ ಬಿಳಿ ಅರಿವೆ.

ಪರದೆ ಏನಾಯಿತು ನೋಡೋಣವೆಂದು ಸಿರಸಂಗಿಯಿಂದ ಅಂದಾನೆಪ್ಪ ಬಂದ. ಅಲ್ಲಿಯ ನಾಟಕ ಮಂಡಳಿಯ ಹಿರಿಯ, ದೇಸಾಯಿಯ ಪಾತ್ರ ಅವನದು. ಸೊಂಟದ ಮೇಲೆ ಕೈ ಇಟ್ಟು ನಿಂತು ಬಹಳ ಹೊತ್ತು ನೋಡಿದ.

“ಮಾಸ್ತರ, ಇವ ಸತ್ತಾನೋ, ಊಟಕ್ಕ ಕುಂತಾನೋ?”

“ಸತ್ತಾನ್ರಿ.”

“ಸತ್ತವ ಮಲಗಬೇಕಲ್ಲ? ಆಟದಾಗ ನಮ್ಮ ಶಟ್ಟೆಪ್ಪ ದೊಪ್ಪಂತ ಬೀಳತಾನ. ಹಳೇ ಪಡದ್ಯಾಗೂ ಮಲಗಿದ್ದ.”

“ನಾ ನೋಡಿದ ಹೆಣ ಎಲ್ಲಾ ಕುಂತಾವ್ರಿ.”

“ನಮ್ಮ ಮನ್ಯಾಗೂ ಕುಂಡ್ರಸೇ ಮಣ್ಣ ಕೊಡತೇವೋ ಮಾರಾಯಾ. ಆದ್ರ ಇದು ನಾಟಕ. ಊರೂರಿಂದ ಮಂದಿ ಬರತಾರ. ಗಂಡ ಆರಾಮ ಕುಂತಾನ, ಹೇಣ್ತಿ ಯಾಕ ಅಳಾಕತ್ತಾಳ ಅಂದ್ರ ಏನ ಹೇಳ್ಲಿ?” ಮೀನಾ ಕೊಟ್ಟ ಚಹಾ ಬಸಿಗೆ ಸುರುವಿಕೊಳ್ಳುತ್ತ ಅವಳ ಕಡೆ ತಿರುಗಿದ. “ವೈನಿ, ನೀವರ ಹೇಳ್ರಿ ಇವರಿಗೆ. ಮಲಗಸ್ರಿ ಅವನ್ನ, ಪಾಪ.”

ವಿರೂಪಾಕ್ಷ ನಕ್ಕು, ನೋಡೋಣ ಎಂದ.

ಅಂದಾನೆಪ್ಪ ಹೋದ ಮೇಲೆ ಮೀನಾ ಕೇಳಿದಳು. “ಮಲಗಿಸಿದ್ರ ಏನಾಗತೈತಿ?”

ವಿರೂಪಾಕ್ಷ ಬ್ರಷ್ಷು ತೊಳೆಯುತ್ತಿದ್ದ. “ಅಪ್ಪ ಹೋದಾಗ ನಾ ಸಣ್ಣವ. ಇದ ಗ್ವಾಡಿಗೆ ಕುಂಡ್ರಿಸಿದ್ರು. ಎಲ್ಲಾರೂ ಅಳತಿದ್ರು. ನಾ ಅವನ ಮಣಕಾಲ ಹಂತ್ಯಾಕ ಕುಂತಿದ್ದೆ, ಈಗ ಕಣ್ಣ ತಗೀತಾನ, ಈಗ ತಗೀತಾನ ಅಂತ. ಮಲಗಿದ್ರ ನಿದ್ದಿ ಮಾಡ್ಯಾನಂತ ಎದ್ದು ಆಡಾಕ ಹೋಗತಿದ್ನೇನೋ.”

ಹೆಂಡತಿಯ ಮುಖವೊಂದು ಬರೆಯಲು ಉಳಿಯಿತು. ಅದಕ್ಕೆ ಅವಳನ್ನೇ ನಿಲ್ಲಿಸಿದ. ಸಂಜೆ ಸಂಜೆ ಅವಳು ಗೋಡೆಯ ಪಕ್ಕ ನಿಂತಳು.

“ಅಳಲೇನು?”

“ಅಳಬ್ಯಾಡ. ಅಳೂ ಮೊದಲ ಹೆಂಗಿರತೈತಿ, ಅದು ಬೇಕು.”

“ಅದು ಹೆಂಗಿರತೈತಿ?”

“ಗೊತ್ತಿಲ್ಲ. ಗೊತ್ತಿದ್ರ ನಿನ್ನ ಯಾಕ ನಿಲ್ಲಸ್ತಿದ್ದೆ?”

ಸೀಮೆಸುಣ್ಣದಲ್ಲಿ ಗೆರೆ ಎಳೆಯುವನು, ಹಸಿ ಬಟ್ಟೆಯಿಂದ ಒರೆಸುವನು. “ಆಗವಲ್ದು,” ಎನ್ನುವನು. “ನೀ ಬರೇ ನೀನ ಕಾಣತಿ.” ಕಡೆಗೆ ಒಂದು ಬರಿಯ ದುಂಡನೆಯ ಗೆರೆ ಬಿಟ್ಟು, ಇರಲಿ, ಸಿಗತೈತಿ ಎಂದು ಡಬ್ಬಿಗಳ ಮುಚ್ಚಳ ಹಾಕಿದ.

ಅದೇ ವಾರ ಅವನ ಕಣ್ಣು ಹಳದಿಯಾದವು. ಕಾಮಣಿ ಎಂದರು. ಬ್ರಷ್ಷಿನ ತುದಿಯನ್ನು ತುಟಿಯಲ್ಲಿ ಚೂಪು ಮಾಡುವ ಚಟ ಇತ್ತಲ್ಲ, ಹಳದಿ ಬಣ್ಣ ಹೊಟ್ಟೆಗೆ ಹೋಗಿದೆ ಎಂದಳು ಕೆಂಚವ್ವ. ಔಷಧಿ ಕೊಡುವ ಊರುಗಳಿಗೆ ಹೋಗಿ ಬಂದರು. ಆಮೇಲೆ ಬೆಳಗಾವಿಯ ಆಸ್ಪತ್ರೆ.

*

ಬೆಳಗಾವಿಯಿಂದ ಅವನನ್ನು ತಂದಾಗ ಬೆಳಕು ಹರಿದಿತ್ತು. ಪಡಸಾಲೆಯಲ್ಲಿ ಕೂಡಿಸಲು ಇದ್ದುದು ಅದೊಂದೇ ಗೋಡೆ.

“ಪಡದೆ ತಗೀರಿ ಮೊದಲ,” ಎಂದಳು ಎದುರು ಮನೆಯ ರಾಚವ್ವ. ಓಣಿಯಲ್ಲಿ ಯಾರು ಹೋದರೂ ಮೊದಲು ಬಂದು ನಿಲ್ಲುವವಳು ಅವಳೇ. “ಮಾಸ್ತರನ್ನ ಎಲ್ಲಿ ಕುಂಡ್ರಸೂದು?”

ಇಬ್ಬರು ಗಂಡಸರು ಮೊಳೆಗಳಿಂದ ಪರದೆ ಬಿಡಿಸಿದರು. ಸುತ್ತುತ್ತ ಸುತ್ತುತ್ತ ನಡುವೆ ಕುಳಿತ ಹೆಣದವರೆಗೆ ಬಂದಾಗ ಒಬ್ಬನ ಕೈ ನಿಂತಿತು. ಇನ್ನೊಬ್ಬನಿಗೆ ಕಣ್ಣಿನಿಂದಲೇ ತೋರಿಸಿದ. ಆಮೇಲೆ ಇಬ್ಬರೂ ಬೇಗ ಬೇಗ ಸುತ್ತಿದರು. ಮಾತು ಅಲ್ಲಿಂದ ಹೊರಟು ಕಟ್ಟೆಗೆ, ಕಟ್ಟೆಯಿಂದ ಓಣಿಗೆ ಹೋಗಿ, ಮಧ್ಯಾಹ್ನದ ಹೊತ್ತಿಗೆ ಕೆಂಚವ್ವನ ಕಿವಿಗೆ ಬಂದು ಸೇರಿತು.

ಮೈ ತೊಳೆದು, ಬಿಳಿ ಧೋತರ ಉಡಿಸಿ, ಅವನನ್ನು ಗೋಡೆಗೆ ಒರಗಿಸಿ ಕೂರಿಸಿದರು. ಹಣೆಗೆ, ತೋಳಿಗೆ ವಿಭೂತಿ ಬಳಿದರು. ಗಲ್ಲದಿಂದ ನೆತ್ತಿಗೆ ಅರಿವೆ ಕಟ್ಟಿದರು. ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ನೀಲಿ ಬಣ್ಣ ಹೋಗಿರಲಿಲ್ಲ. ಮಡಿವಾಳೆಪ್ಪ ಕಿಸೆಯಿಂದ ಕನ್ನಡಕ ತೆಗೆದು ತಮ್ಮನಿಗೆ ಹಾಕಿದ.

“ಚಾಳೀಸ ಯಾಕೋ ತಮ್ಮಾ?” ಎಂದರು ಪೂಜೆಗೆ ಬಂದ ಅಯ್ಯನವರು. “ಇನ್ನ ನೋಡೂದೇನೈತಿ ಅವಗ?”

“ಇರ್ಲಿ ಬಿಡ್ರಿ ಅಜ್ಜಾರ,” ಎಂದಳು ಕೆಂಚವ್ವ. “ಅದಿಲ್ಲಂದ್ರ ಅವಗ ನನ್ನ ಮಾರಿನೂ ಕಾಣಂಗಿಲ್ಲ.”

ಅಯ್ಯನವರು ಪೂಜೆಗೆ ಕುಳಿತರು.

ಮೀನಾಳನ್ನು ಅವನ ಬಲಕ್ಕೆ ಕೂರಿಸಿದ್ದರು. ನೇಸರಗಿಯಿಂದ ಅವಳ ತವರಿನವರು ಇನ್ನೂ ಬಂದಿರಲಿಲ್ಲ. ಎಸ್.ಟಿ.ಡಿ. ಬೂತಿನಿಂದ ಯಾರೋ ಫೋನ್ ಮಾಡಿದ್ದರು. ಹೆಂಗಸರು ಬಂದರು, ಅವಳ ಹೆಗಲು ಹಿಡಿದು ಅತ್ತರು, ಹಿಂದೆ ಸರಿದು ಕುಳಿತರು.

“ಅಳು ಯವ್ವಾ,” ಎಂದು ರಾಚವ್ವ ಅವಳ ಬೆನ್ನು ಸವರಿದಳು. “ಎದ್ಯಾಗ ಇಟ್ಕೋಬ್ಯಾಡ. ಅತ್ತಬಿಡು.”

“ಓದಿದಾಕಿ ಆಕಿ,” ಎಂದಿತು ಹಿಂದಿನ ಒಂದು ದನಿ. “ಓದಿದವರು ಒಳಗ ಅಳತಾರ.”

“ಒಳಗ ಅತ್ರ ಯಾರಿಗೆ ಕೇಳತೈತಿ?”

“ಕೇಳೂದು ಯಾಕ ಬೇಕ?”

“ಬೇಕಲ್ಲವಾ. ಹೋಗಾವಗ ಕೇಳಬೇಕಲ್ಲ.”

ರಾಚವ್ವ ಅವಳ ತೋಳನ್ನು ಮೆಲ್ಲಗೆ ಚಿವುಟಿದಳು, ಮಗುವಿಗೆ ಚಿವುಟುವ ಹಾಗೆ. ನೋವಾಯಿತು. ಅಷ್ಟೇ.

ಹೊರಗೆ ಕಟ್ಟೆಯ ಮೇಲೆ ಗಂಡಸರು ಕುಳಿತಿದ್ದರು. ಕಿಟಕಿಯಿಂದ ಅವರ ಮಾತು ಒಳಗೆ ಬರುತ್ತಿತ್ತು.

“ನನ್ನ ಟ್ರ್ಯಾಕ್ಟರಿನ ಹಿಂದ ಹುಲಿ ಬರದಿದ್ದ.”

“ಅದು ಹುಲಿಯೇನು? ನಾ ಬೆಕ್ಕಂತ ತಿಳದಿದ್ದೆ.”

“ಬೆಕ್ಕಾದ್ರೂ ಕಣ್ಣ ನೋಡಿದ್ದ್ಯಾ? ರಾತ್ರಿ ಲೈಟ ಬಿದ್ರ ನಾನ ಅಂಜತಿದ್ದೆ.”

ಯಾರೋ ನಕ್ಕರು, ನಕ್ಕಿದ್ದನ್ನು ಕೆಮ್ಮಿ ಮುಚ್ಚಿದರು.

“ಸಾಲ್ಯಾಗ ಬಡಿಯಂಗಿದ್ದಿಲ್ಲ ನೋಡ ಮಾಸ್ತರ. ನಮ್ಮ ಹುಡುಗ ಗಣಿತದ ಪಟ್ಟಿ ತುಂಬ ಎತ್ತ ಬರದಿದ್ದ. ಗಣಿತದ ಮಾಸ್ತರ ಕಿವಿ ಹಿಂಡಿ ಇವನ ಕಡೆ ಕಳಸಿದ್ರ, ಇವ, ಎತ್ತಿನ ಕಾಲ ಹಿಂಗಲ್ಲೋ ಅಂತ ತಿದ್ದಿ ಕೊಟ್ಟು ಕಳಸ್ಯಾನ.”

“ಹಂಗಾರ ಹುಡುಗ ಏನ ಕಲತ?”

“ಎತ್ತ ಕಲತ.”

ಮಧ್ಯಾಹ್ನ ಅಂದಾನೆಪ್ಪ ಬಂದ. ಹಾರ ಹಿಡಿದು ಬಾಗಿಲಲ್ಲಿ ನಿಂತವನು ಒಳಗೆ ಕಾಲಿಡಲಿಲ್ಲ. ಗೋಡೆಗೆ ಒರಗಿ ಕುಳಿತವನನ್ನು ನೋಡಿದ. ಹಿಂದಿನವರು ತಳ್ಳಿದಾಗ ಮುಂದೆ ಬಂದು, ಹಾರ ಹಾಕಿ, ಮೀನಾಳ ಕಡೆ ನೋಡದೆ ಹೊರಗೆ ಹೋದ. ಪರದೆಯ ಮಾತು ಎತ್ತಲಿಲ್ಲ.

ಭಜನೆಯವರು ತಾಳ ಹಿಡಿದರು. ಎತ್ತುವ ಹೊತ್ತಿಗೆ ಅವಳನ್ನು ಅವನ ಎದುರು ತಂದು ನಿಲ್ಲಿಸಿದರು, ಕಡೆಯ ಸಲ ನೋಡಿಕೋ ಎಂದು. ಅವಳು ನಿಂತಳು. ಸುತ್ತ ಎಲ್ಲರೂ ಅಳುತ್ತಿದ್ದರು. ಆಗ ಅವಳ ಮುಖ ಹೇಗಿತ್ತೋ ಅವಳಿಗೆ ಗೊತ್ತಿಲ್ಲ. ನೋಡಬೇಕಾದವನು ಕನ್ನಡಕ ಹಾಕಿಕೊಂಡು ಕಣ್ಣು ಮುಚ್ಚಿ ಕುಳಿತಿದ್ದ.

*

ಮಡಿವಾಳೆಪ್ಪನೇ ಸುರುಳಿಯ ಮುಂದಿನ ತುದಿಯನ್ನು ಹೆಗಲಿಗೆ ಹಾಕಿಕೊಂಡ. ಹಿಂದಿನ ತುದಿ ಮೀನಾಳ ಹೆಗಲ ಮೇಲೆ. ಓಣಿಯವರು ಬಾಗಿಲುಗಳಿಂದ ನೋಡಿದರು.

ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಟಾಪ್ ಮೇಲೆ ಹಾಕಿ ಎಂದ. ಟಾಪಿನ ಮೇಲೆ ಸಿಮೆಂಟಿನ ಚೀಲಗಳಿದ್ದವು. ಮೀನಾ ಆಗುವುದಿಲ್ಲ ಎಂದಳು. ಹಂಗಾದ್ರ ಮಡಿಚಿ ಕಾಲಾಗ ಇಟ್ಕೊಳ್ರಿ ಎಂದ. ಅದಕ್ಕೂ ಆಗುವುದಿಲ್ಲ ಎಂದಳು. ಅವನು ಅವಳ ಹಣೆ ನೋಡಿದ, ಮಡಿವಾಳೆಪ್ಪನ ಮುಖ ನೋಡಿದ, ಆಮೇಲೆ ತಾನೇ ಕೈ ಹಚ್ಚಿ ಸುರುಳಿಯನ್ನು ಸೀಟುಗಳ ನಡುವಿನ ದಾರಿಯಲ್ಲಿ ಉದ್ದಕ್ಕೆ ಇಡಿಸಿದ.

“ನಾ ಬರಲೇನು?” ಎಂದು ಮಡಿವಾಳೆಪ್ಪ ಕಿಟಕಿಯಿಂದ ಕೇಳಿದ.

“ಬ್ಯಾಡ್ರಿ. ಅತ್ತಿ ಒಬ್ಬಾಕೆ ಅದಾರ.”

“ಸಂಜಿ ಬಸ್ಸಿಗೆ ಬಂದುಬಿಡು.” ಕಿಟಕಿಯ ಸರಳು ಹಿಡಿದು, “ಅಲ್ಲೆ ಏನರ ಅಂದ್ರ ಮನಸಿಗೆ ಹಚ್ಕೋಬ್ಯಾಡ,” ಎಂದ.

ಬಸ್ಸು ಮಲಪ್ರಭೆಯ ಸೇತುವೆ ದಾಟಿತು. ನಡುವಿನ ಊರುಗಳಲ್ಲಿ ಹತ್ತಿದವರು ಸುರುಳಿಯನ್ನು ಕಂಡು ಕಾಲೆತ್ತುವ ಮೊದಲೇ ಮೀನಾ, “ದಾಟಬ್ಯಾಡ್ರಿ, ಬದಿಗೆ ಹಾದು ಹೋಗ್ರಿ,” ಎನ್ನುತ್ತಿದ್ದಳು. “ಇದರಾಗೇನ ದೇವರ ಐತೇನ್ರಿ?” ಎಂದು ಒಬ್ಬ ಗೊಣಗಿ ಸೀಟಿನ ಅಂಚು ಹಿಡಿದು ಪಕ್ಕಕ್ಕೆ ಹೋದ.

ಪಕ್ಕದಲ್ಲಿ ಕುಳಿತ ಹೆಂಗಸಿನ ಮಡಿಲಲ್ಲಿ ಬದನೆಕಾಯಿಯ ಗಂಟು ಇತ್ತು.

“ಮಗ್ಗದ ಮಂದಿ ಏನವಾ ನೀವು?”

“ಅಲ್ರಿ. ಇದು ನಾಟಕದ ಪಡದೆ.”

“ಹೌದಾ? ಮನಿಯವರು ಪಾರ್ಟ ಹಾಕ್ತಾರೇನು?”

“ಚಿತ್ರ ಬರೀತಾರ.”

“ಕುಡಿಯಂಗಿಲ್ಲಲ್ಲ?”

“ಇಲ್ರಿ.”

“ಬಡಿಯಂಗಿಲ್ಲಲ್ಲ?”

“ಇಲ್ರಿ.”

“ಮತ್ತೇನ ಬೇಕವಾ,” ಎಂದಳು ಹೆಂಗಸು. “ಬರಕೋತ ಇರ್ಲಿ.”

ಮೀನಾ ಹೊರಗೆ ನೋಡಿದಳು. ಜೋಳ ಕೊಯ್ದ ಹೊಲಗಳಲ್ಲಿ ಬಣವೆ ಒಟ್ಟುತ್ತಿದ್ದರು. ಸಿರಸಂಗಿಯಲ್ಲಿ ಏನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸತೊಡಗಿದಳು. ಮುಖ ಬೇಕಾದರೆ ಬರೆಸಿಕೊಳ್ಳಿ, ಕುಳಿತವನನ್ನು ಮುಟ್ಟಬೇಡಿ. ಅದಕ್ಕೆ ಕಾರಣ ಹೇಳಬೇಕು. ಯೂನಿವರ್ಸಿಟಿಯಲ್ಲಿ ಕಲಿತ ದೊಡ್ಡ ದೊಡ್ಡ ಮಾತುಗಳು ಬಂದವು. ಒಂದೂ ಹಿಡಿಸಲಿಲ್ಲ.

*

ಅಂದಾನೆಪ್ಪನ ಹಿಟ್ಟಿನ ಗಿರಣಿ ಊರ ಬಾಯಲ್ಲೇ, ಬಸ್ಸು ನಿಲ್ಲುವಲ್ಲೇ ಇತ್ತು. ಅವನ ಹುಬ್ಬು, ಮೀಸೆ, ಅಂಗಿ ಎಲ್ಲ ಬಿಳಿ. ಅವಳನ್ನು ಕಂಡವನೇ ಪಟ್ಟಾ ಬಿಡಿಸಿ ಮಿಷನ್ ನಿಲ್ಲಿಸಿದ.

“ನೀವ್ಯಾಕ ಬಂದ್ರಿ ವೈನಿ? ಹೇಳಿ ಕಳಸಿದ್ರ ನಾ ಬರತಿರಲಿಲ್ಲೇನು? ಇಷ್ಟ ಲಗೂನ ಕೇಳಾವರೇನು ನಾವು?”

“ಆಟ ಹತ್ತರ ಬಂತಲ್ರಿ. ಎರವು ತಂದಿದ್ದು.”

ಅವನು ಮುಖದ ಹಿಟ್ಟು ಒರೆಸಿಕೊಂಡ. ಬೀಸಲು ಬಂದಿದ್ದ ಇಬ್ಬರಿಗೆ ಕೂಗಿ ಹೇಳಿ ಸುರುಳಿಯನ್ನು ಗರಡಿಮನೆಗೆ ಹೊರಿಸಿದ. ಮೀನಾ ಹಿಂದೆ ನಡೆದಳು. ಗರಡಿಮನೆಯ ಮುಂದೆ ಎತ್ತರದ ಕಟ್ಟೆ, ಎರಡು ಬದಿಗೆ ನೆಟ್ಟ ಗಳಗಳು. ಆಟ ಆಡುವುದು ಅಲ್ಲೇ. ಶಟ್ಟೆಪ್ಪ ಅಲ್ಲಿ ಕುಳಿತು ತಂಬಾಕು ತಿಕ್ಕುತ್ತಿದ್ದ. ತಮ್ಮನ ಪಾತ್ರ ಮಾಡುವವನು, ಈಗ ಅಣ್ಣನಿಗಿಂತ ದಪ್ಪಗಾಗಿದ್ದ.

ಹಗ್ಗ ಬಿಚ್ಚಿ ಕಟ್ಟೆಯ ಮೇಲೆ ಪರದೆ ಹಾಸಿದರು. ಬಣ್ಣ ಎಲ್ಲೂ ಬಿರಿದಿರಲಿಲ್ಲ. ದೇಸಾಯಿಯ ಜರತಾರಿ ಅಂಚು, ದೀಪದ ಬೆಳಕು, ಕೋಟೆಯ ಕಲ್ಲು, ಎಲ್ಲವನ್ನೂ ಅವನು ತಿದ್ದಿದ್ದ.

“ಏನ ಕೆಲಸ ಮಾಡ್ಯಾನೋ ಪುಣ್ಯಾತ್ಮ,” ಎಂದ ಶಟ್ಟೆಪ್ಪ ಸುತ್ತ ನಡೆಯುತ್ತ. ನಡುವಿಗೆ ಬಂದು ನಿಂತ. “ನಾ ಮಾತ್ರ ಎದ್ದ ಕುಂತೇನಿ.”

“ಶಟ್ಟೆಪ್ಪಾ,” ಎಂದ ಅಂದಾನೆಪ್ಪ.

“ಇದ್ದದ್ದ ಹೇಳಿದೆ. ಈ ಊರಾಗ ನಾ ಸಾಯಾಕತ್ತು ಭಾಳ ವರ್ಷಾತು. ಒಮ್ಮೆಯಾದ್ರೂ ಕುಂತ ಸತ್ತೇನೇನು? ಪಡದ್ಯಾಗ ಕುಂತಾವ, ಆಟದಾಗ ಬಿದ್ದಾವ. ಮಂದಿ ನಗತಾರ. ಕಡೀ ಸೀನಿನ್ಯಾಗ ನಕ್ರ ಆಟ ಹೋತು.”

“ಹೇಣ್ತಿ ಮುಖಾ ಬರಿಯೂದೂ ಉಳದೈತಿ,” ಎಂದ ಇನ್ನೊಬ್ಬ, ಬಲಗಡೆ ಬಗ್ಗಿ.

ಅಂದಾನೆಪ್ಪ ಕಟ್ಟೆಯ ಅಂಚಿಗೆ ಕುಳಿತ. ಮೀನಾಳಿಗೆ ಕುಡಿಯಲು ನೀರು ತರಿಸಿಕೊಟ್ಟ. ಅವಳು ಕುಡಿಯುವವರೆಗೂ ಕಾದ.

“ಬೈಲಹೊಂಗಲದಾಗ ಒಬ್ಬ ಪೇಂಟರ ಅದಾನ್ರಿ ವೈನಿ. ಈ ವಾರ ಬರತೇನಂದಾನ. ಮುಖಾ ಅವನ ಕಡಿಂದ ಬರಸತೇವಿ. ಹಂಗ…” ಎಂದು ನಿಲ್ಲಿಸಿದ.

“ಮಲಗಸತಾನ,” ಎಂದ ಶಟ್ಟೆಪ್ಪ, ಈ ಸಲ ತಗ್ಗಿದ ದನಿಯಲ್ಲಿ.

ಎಲ್ಲರೂ ಅವಳ ಕಡೆ ನೋಡಿದರು. ಬಸ್ಸಿನಲ್ಲಿ ಜೋಡಿಸಿದ್ದ ಮಾತು ನಾಲಗೆಯವರೆಗೆ ಬಂತು. ಆದರೆ ಇದು ಇವರ ಹಿರಿಯರು ಊಟ ಹಾಕಿ ಬರೆಸಿದ ಪರದೆ. ಇವರು ಕೊಟ್ಟಿದ್ದರು, ಅವನು ಕೇಳದೆ ಬದಲಿಸಿದ್ದ. ಅವಳು ಗ್ಲಾಸನ್ನು ಕೆಳಗಿಟ್ಟಳು.

“ಪಡದೆ ನಿಮ್ಮದು. ತಂದಿದ್ದು ತಿರುಗಿ ಕೊಟ್ಟೇನಿ,” ಎಂದಳು. “ಮಡಿಚಿ ಇಡಬ್ಯಾಡ್ರಿ. ಸುತ್ತಿ ಇಡ್ರಿ.”

“ಆತ್ರಿ.”

“ಹಗ್ಗಾ ಭಾಳ ಬಿಗೀಬಾರದು.”

“ಆತ್ರಿ ವೈನಿ.”

ಇನ್ನೇನೂ ಉಳಿದಿರಲಿಲ್ಲ. ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳು ಕಟ್ಟೆಯಿಂದ ಇಳಿದು ಎದುರಿನ ಬೇವಿನ ಗಿಡದ ಬುಡದಲ್ಲಿ ನಿಂತಳು. ಹೆಗಲು ನೋಯುತ್ತಿತ್ತು. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

“ಒಮ್ಮೆ ಏರಿಸಿ ನೋಡೂಣು,” ಎಂದ ಅಂದಾನೆಪ್ಪ. “ತೂಕಕ್ಕ ಹರೀತೈತೇನೋ.”

ಮೇಲಿನ ಅಂಚಿಗೆ ಗಳ ಪೋಣಿಸಿ ಎರಡೂ ಕಡೆಯಿಂದ ಹಗ್ಗ ಎಳೆದರು. ಪರದೆ ನಿಧಾನವಾಗಿ ಮೇಲೇರಿತು. ಸಂಜೆಬಿಸಿಲು ನೇರವಾಗಿ ಅದರ ಮೇಲೆ ಬಿತ್ತು. ನಾಲ್ಕು ಗೋಡೆಗಳ ನಡುವೆ ಮಾತ್ರ ನೋಡಿದ್ದ ಅವಳಿಗೆ ಅದು ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ. ಕಂಬಕ್ಕೆ ಒರಗಿದವನು ಊರಿನ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ ಕುಳಿತಿದ್ದ. ಮುಖವಿಲ್ಲದ ಹೆಂಗಸು ಪಕ್ಕದಲ್ಲಿ ನಿಂತಿದ್ದಳು.

ಹೊಲದ ದಾರಿಯಿಂದ ಒಬ್ಬ ಹೆಂಗಸು ತಲೆಯ ಮೇಲೆ ಜೋಳದ ಕಣಿಕೆಯ ಹೊರೆ ಹೊತ್ತು ಬಂದಳು. ಗರಡಿಮನೆಯ ಮೂಲೆ ತಿರುಗಿದವಳು ನಿಂತಳು. ಹೊರೆಯ ಕೆಳಗಿನಿಂದ ಪರದೆಯನ್ನು ನೋಡಿದಳು. ಕಟ್ಟೆಯ ಮೇಲಿದ್ದ ಗಂಡಸರನ್ನು ನೋಡಲಿಲ್ಲ. ಹೊರೆಯನ್ನು ಇಳಿಸಿ ಗೋಡೆಗೆ ಆನಿಸಿದಳು. ಕಾಲಿನ ಚಪ್ಪಲಿ ಬಿಟ್ಟಳು. ಕೈಗೆ ಅಂಟಿದ ಧೂಳನ್ನು ಸೆರಗಿಗೆ ಒರೆಸಿಕೊಂಡು, ಕುಳಿತವನಿಗೆ ಕೈ ಮುಗಿದಳು. ಸಾವಿನ ಮನೆಯ ಬಾಗಿಲಲ್ಲಿ ನಿಲ್ಲುವಷ್ಟು ಹೊತ್ತು ಹಾಗೆಯೇ ನಿಂತಳು. ಆಮೇಲೆ ಚಪ್ಪಲಿ ಮೆಟ್ಟಿ, ಯಾರ ಸಹಾಯವನ್ನೂ ಕೇಳದೆ ಹೊರೆ ಎತ್ತಿಕೊಂಡು ಓಣಿಗೆ ತಿರುಗಿದಳು.

“ಇಳಸಲೇನು?” ಎಂದು ಹಗ್ಗ ಹಿಡಿದವನು ಕೇಳಿದ.

ಅಂದಾನೆಪ್ಪ ಪರದೆಯನ್ನೇ ನೋಡುತ್ತಿದ್ದ.

ಗಾಳಿಗೆ ಪರದೆ ಸ್ವಲ್ಪ ಮುಂದೆ ಬಂದು ಮತ್ತೆ ಹಿಂದಕ್ಕೆ ಹೋಯಿತು. ಶಟ್ಟೆಪ್ಪ ಅಂಗೈಯಲ್ಲಿದ್ದ ತಂಬಾಕನ್ನು ಬಾಯಿಗೆ ಹಾಕದೆ ಹಾಗೇ ಹಿಡಿದುಕೊಂಡಿದ್ದ. ನಿಂತಲ್ಲೇ, ಯಾರಿಗೂ ತಿಳಿಯದ ಹಾಗೆ, ಒಂದು ಕಾಲಿನಿಂದ ಇನ್ನೊಂದು ಕಾಲಿನ ಚಪ್ಪಲಿ ಕಳಚಿದ.